ಸಹಾಯ ಬೇಕು: ಅನ್ನ ಕೊಟ್ಟ ದೇವರ ಬಗ್ಗೆ ಮಗಳು ಕೇಳುವ ಪ್ರಶ್ನೆಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು; ಐದು ವರ್ಷದ ಮಗಳೂ ಮೂರು ವರ್ಷದ ಮಗನೂ ಇದ್ದಾರೆ. ಬಡಿಸಿದ ಅನ್ನವನ್ನು ಪ್ರಸಾದವೆಂದು ತಿಳಿದು, ಒಂದು ಕ್ಷಣ ದೇವರನ್ನು ನೆನೆದು, ಚೆಲ್ಲದೆ ಉಣ್ಣಬೇಕೆಂಬುದು ನಮ್ಮ ಮನೆಯ ರೂಢಿ. ಮಗ ಅಕ್ಕನನ್ನು ನೋಡಿ ಕೈಮುಗಿಯುತ್ತಾನೆ, ಅವನದು ಚಿಂತೆಯಿಲ್ಲ. ಮಗಳನ್ನು ಭದ್ರಾ ನಾಲೆಯ ನೀರು ಹರಿಯುವ ಗದ್ದೆಗೆ ಕರೆದೊಯ್ದು ನಾಟಿ ತೋರಿಸಿದೆವು, ಮಠದ ದಾಸೋಹದಲ್ಲಿ ಎಲ್ಲರ ಸಾಲಿನಲ್ಲಿ ಕೂರಿಸಿ ಉಣಿಸಿದೆವು. ಮಳೆ, ಮಣ್ಣು, ಬೀಜ ದೇವರದು, ದುಡಿಮೆ ರೈತರದು ಎಂದು ವಿವರಿಸಿದಾಗ ಒಪ್ಪಿಕೊಂಡಳು. ಆದರೆ ಚಳ್ಳಕೆರೆ ಕಡೆ ನಮ್ಮ ಬಾವನವರ ಹೊಲದಲ್ಲಿ ಮಳೆಯಿಲ್ಲದೆ ಶೇಂಗಾ ಒಣಗಿದ ಸುದ್ದಿ ಕೇಳಿದಂದಿನಿಂದ, "ಅಮ್ಮಾ, ದೇವರು ನಮಗೆ ಕೊಟ್ಟ, ದೊಡ್ಡಪ್ಪನಿಗೆ ಯಾಕೆ ಕೊಡಲಿಲ್ಲ?" ಎಂದು ಪ್ರತಿ ಊಟಕ್ಕೂ ಕೇಳುತ್ತಿದ್ದಾಳೆ. ಅನ್ನ ಬಿಟ್ಟರೆ ದೇವರಿಗೆ ಸಿಟ್ಟು ಬರುತ್ತದೆ ಎಂದು ಅತ್ತೆಯವರು ಹೇಳುತ್ತಾರೆ; ಹೆದರಿಸಿ ಕಲಿಸಿದ್ದು ಕೃತಜ್ಞತೆಯಲ್ಲ ಎಂಬುದು ನನ್ನ ಅಭಿಪ್ರಾಯ, ಅಲ್ಲದೆ ದೊಡ್ಡಪ್ಪನ ಮೇಲೂ ದೇವರಿಗೆ ಸಿಟ್ಟಿತ್ತೇ ಎಂಬ ಮುಂದಿನ ಪ್ರಶ್ನೆಗೆ ಅದೇ ದಾರಿ ಮಾಡಿಕೊಡುತ್ತದೆ. ಅವರವರ ಕರ್ಮ ಎನ್ನಲು ನನಗೆ ಮನಸ್ಸಿಲ್ಲ. ಬೆಳೆ ಕಳೆದುಕೊಂಡವರನ್ನು ಹೀಗಳೆಯದೆ, ದೇವರನ್ನು ನೆನೆಯುವ ರೂಢಿಯನ್ನೂ ಬಿಡಿಸದೆ, ಐದು ವರ್ಷದ ಮಗುವಿಗೆ ಅರ್ಥವಾಗುವಂತೆ ಈ ಪ್ರಶ್ನೆಗೆ ನೀವಾದರೆ ಏನೆಂದು ಉತ್ತರಿಸುತ್ತೀರಿ?