ಗೈಡ್‌ಪೇರೆಂಟ್‌ಗೆ ಕನ್ನಡದಲ್ಲಿ ಏನನ್ನೋಣ? ಕಾರ್ಡ್ ನಾಳೆ ಅಚ್ಚಿಗೆ

ನಮಸ್ಕಾರ. ನಾವಿರುವುದು ಇಂಗ್ಲೆಂಡಿನಲ್ಲಿ. ಪೂಜೆ, ಹೋಮ ಏನೂ ಇಲ್ಲದೆ ಮಗಳಿಗೆ ಹೆಸರಿಡುತ್ತಿದ್ದೇವೆ. ಇಲ್ಲಿನ ಹ್ಯೂಮನಿಸ್ಟರ (ದೇವರು, ಧರ್ಮ ಬಿಟ್ಟು ಮಾನವೀಯತೆಯನ್ನು ನೆಚ್ಚಿದವರ) ಪದ್ಧತಿಯಂತೆ ನಮ್ಮ ಇಬ್ಬರು ಗೆಳೆಯರು, ಮಗುವಿನ ಜೊತೆಗಿರುತ್ತೇವೆ ಎಂದು ಎಲ್ಲರೆದುರು ಮಾತು ಕೊಡುತ್ತಾರೆ. ಇವರಿಗೆ ಗೈಡ್‌ಪೇರೆಂಟ್, ಮೆಂಟರ್ ಅನ್ನುತ್ತಾರೆ. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಕಾರ್ಡಿನಲ್ಲಿ ಕನ್ನಡವೂ ಬೇಕು. ಚರ್ಚಿನವರ ಗಾಡ್‌ಫಾದರ್, ಗಾಡ್‌ಮದರ್ ಇದ್ದಂತೆ 'ಧರ್ಮಪಿತ, ಧರ್ಮಮಾತೆ' ಹಾಕಬಹುದಾ? ನಾಳೆ ಸಂಜೆಯೊಳಗೆ ಹೇಳಿ, ದಯವಿಟ್ಟು.

*

ಬೇಡವೇ ಬೇಡ. ಧರ್ಮ ಬಿಟ್ಟು ಮಾಡುವ ಸಮಾರಂಭಕ್ಕೆ ಧರ್ಮವನ್ನೇ ತಂದು ಅಂಟಿಸುವುದೇಕೆ? ಪಿತ, ಮಾತೆಯೂ ಬೇಡ, ಇವರೇನು ದತ್ತು ತೆಗೆದುಕೊಂಡವರಲ್ಲ. 'ಪೋಷಕರು' ಅಂದರೆ ಶಾಲೆಯ ಸಭೆ, 'ಮಾರ್ಗದರ್ಶಿ' ಅಂದರೆ ಪಿಎಚ್‌ಡಿ ಗೈಡು. ಗಾಡ್‌ಫಾದರ್ ಅಂತೂ ನಮ್ಮಲ್ಲಿ ರಾಜಕೀಯಕ್ಕೋ ಸಿನಿಮಾಕ್ಕೋ ಕೈಹಿಡಿದು ತಂದವನು. ಆ ಇಬ್ಬರು ಮಾಡುವ ಕೆಲಸ ನೋಡಿ. ಮಾತು ಕೊಡುತ್ತಾರೆ, ಅದಕ್ಕೆ ಹೊಣೆಯಾಗುತ್ತಾರೆ. ದೀಕ್ಷಾಸ್ನಾನದಲ್ಲಿ ಮಗುವಿನ ಪರ ನಿಲ್ಲುವ ಚರ್ಚಿನವರ 'ಸ್ಪಾನ್ಸರ್' ಕೂಡ ಲ್ಯಾಟಿನ್ನಿನಲ್ಲಿ ಹೊಣೆ ನಿಂತವನೇ. ಹೊಣೆ ಅಚ್ಚಗನ್ನಡ ಪದ. 'ಹೊಣೆಗಾರರು' ಅಂತ ಹಾಕಿ, ಮುಗೀತು.

*

ಮುಗಿದಿಲ್ಲ ಸರ್. ಹೊಣೆಗಾರ ಅಂದರೆ ಜನಕ್ಕೆ ಕೇಳಿಸುವುದು ಸಾಲದ ಜಾಮೀನು, ಇಲ್ಲವೇ ಏನೋ ಅನಾಹುತವಾದಾಗ ಬೈಸಿಕೊಳ್ಳುವವನು. ಕಾರ್ಡ್ ಓದುವ ಅಜ್ಜ ಅಜ್ಜಿಗೆ ಲ್ಯಾಟಿನ್ ಕಟ್ಟಿಕೊಂಡು ಏನಾಗಬೇಕು? ಅಚ್ಚಗನ್ನಡ ಅನ್ನುತ್ತೀರಿ, ಆ 'ಗಾರ' ಸಂಸ್ಕೃತದ 'ಕಾರ'ದಿಂದ ಬಂದದ್ದು ಅಲ್ವಾ? ಎರವಲು ಪಡೆದದ್ದಕ್ಕೆ ನನ್ನ ತಕರಾರಿಲ್ಲ. ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲದಿಂದ, 1794ರಿಂದ, ಚರ್ಚನ್ನು ಬಿಟ್ಟು ನಗರಸಭೆಯಲ್ಲಿ ಇದೇ ಸಮಾರಂಭ ಮಾಡುವ ರೂಢಿ ಇದೆ. ಕಾನೂನಿನ ಬೆಲೆ ಇಲ್ಲ, ಆದರೂ ಮಾಡುತ್ತಾರೆ. ಆದರೆ ಅವರು 'ಪಾರೆಂ' (ಗಾಡ್‌ಫಾದರ್), 'ಮಾರೆನ್' (ಗಾಡ್‌ಮದರ್) ಅನ್ನುವ ಚರ್ಚಿನ ಹೆಸರುಗಳನ್ನೇ ಉಳಿಸಿಕೊಂಡರು, ಯಾಕೆಂದರೆ ಅವು ಜನರ ಬಾಯಲ್ಲಿದ್ದವು. ನಮ್ಮ ಬಾಯಲ್ಲಿ ಇರುವುದು ಏನು? ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ತೊಟ್ಟಿಲ ಹತ್ತಿರ ಬಂದು ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳಿಗೆ ಬೇರೆ ಪದವಿ ಯಾರೂ ಕೊಟ್ಟಿಲ್ಲ, ಅತ್ತೆ ಅಂದರೆ ಸಾಕು.

ಮೇಡಂ, ನಾಮಪದವೇ ಬೇಕು ಅಂತ ಹಟ ಬೇಡ. 'ಮಗುವಿಗೆ ಒತ್ತಾಸೆಯಾಗಿ ನಿಲ್ಲುವವರು' ಅಂತ ಹಾಕಿ, ಕೆಳಗೆ ಇಬ್ಬರ ಹೆಸರು ಬರೆಯಿರಿ. ನಿಮ್ಮ ಅಪ್ಪ ಅಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಮಗು ಅವರನ್ನು ಅತ್ತೆ, ಮಾವ ಅಂತಲೇ ಕರೆಯಲಿ.

*

ಒತ್ತಾಸೆ ಆಗಬಹುದು, ಒಪ್ಪಿದೆ. 'ಗಾರ' ಪ್ರತ್ಯಯದ ಮಾತು ಮಾತ್ರ ಒಪ್ಪುವುದಿಲ್ಲ. ಅದನ್ನು ಬೇರೆ ಚರ್ಚೆಯಾಗಿ ಎತ್ತಿ, ಅಲ್ಲಿ ಉತ್ತರ ಕೊಡುತ್ತೇನೆ.