ಗಿಡ್ಡ ದನಕ್ಕೆ ದವಡೆ ಕೆಳಗೆ ಬಾವು, ಸೆಗಣಿಯಲ್ಲಿ ಹುಳದ ಮೊಟ್ಟೆ ಇಲ್ಲವಂತೆ

ಪ್ರಶ್ನೆ (ಪೆರ್ಲದಿಂದ):
ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡಕ್ಕೆ ಹದಿನೈದು ದಿನದಿಂದ ನೀರು ನೀರಾಗಿ ಭೇದಿ. ದವಡೆಯ ಕೆಳಗೆ ಮೆತ್ತಗೆ ಬಾವು, ಒತ್ತಿದರೆ ಗುಳಿ ಬೀಳುತ್ತದೆ. ಸೆಗಣಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂದರು. ಅಮ್ಮ ಅದರ ಹತ್ತಿರದಿಂದ ಏಳುವುದೇ ಇಲ್ಲ. ಏನಿರಬಹುದು?

ಉತ್ತರ:
ತಮ್ಮಾ, ಮೇಯಲು ಬಿಡುವುದೆಲ್ಲಿ?

ಪ್ರಶ್ನೆ ಕೇಳಿದವರು:
ಕೊಯ್ದ ಗದ್ದೆಗೆ, ತೋಡಿನ ಬದಿಗೆ ಅಕ್ಕ.

ಉತ್ತರ (ನಿವೃತ್ತ ಪಶುವೈದ್ಯ, ಬದಿಯಡ್ಕ):
ಹಾಗಾದರೆ ಚಪ್ಪಟೆ ಹುಳದ ಸಂಶಯ ನನಗೆ. ಇವುಗಳ ಮೊಟ್ಟೆ ಭಾರ. ಉಪ್ಪು ನೀರಿನಲ್ಲಿ ತೇಲಿಸಿ ನೋಡಿದರೆ ಸಿಗುವುದು ಕಷ್ಟ. ಸೆಗಣಿ ಕಲಸಿ, ಸೋಸಿ, ತಳಕ್ಕೆ ಇಳಿದದ್ದನ್ನು ನೋಡಿ ಎಂದು ಕೇಳಿ. ಹೊಂಬಣ್ಣದ ಮೊಟ್ಟೆ ಪಿತ್ತಜನಕಾಂಗದ ಹುಳದ್ದು, ಬಣ್ಣವಿಲ್ಲದ್ದು ಹೊಟ್ಟೆಯ ಚಪ್ಪಟೆ ಹುಳದ್ದು. ಹೊಟ್ಟೆಹುಳದ ಮರಿಗಳು ಮೊದಲು ಸಣ್ಣ ಕರುಳನ್ನು ಕೆಡಿಸುತ್ತವೆ, ಆಗ ಇನ್ನೂ ಮೊಟ್ಟೆ ಇಡುವುದಿಲ್ಲ. ಜೋರು ಭೇದಿ ಇದ್ದೂ ಪರೀಕ್ಷೆ ಖಾಲಿ ಬರುವುದು ಹಾಗೆ. ಆದ್ದರಿಂದ ಮೊಟ್ಟೆ ಇಲ್ಲ ಎಂದು ಸುಮ್ಮನಿರಬೇಡಿ! ರಕ್ತ ಹೀರುವ ದುಂಡು ಹುಳದಿಂದಲೂ ಇಂಥ ಬಾವು ಬರುತ್ತದೆ. ಕಣ್ಣಿನ ಒಳಪೊರೆ ಬಿಳಿಚಿದೆಯೇ ನೋಡಿ.

ಚಪ್ಪಟೆ ಹುಳದ ಮೊಟ್ಟೆ ನೀರಿನಲ್ಲಿ ಒಡೆದು, ಅದರ ಮರಿಯು ಬಸವನಹುಳುವಿನೊಳಗೆ ಬೆಳೆಯುತ್ತದೆ, ಹೊರಬಂದು ಹುಲ್ಲಿಗೆ ಅಂಟಿಕೊಳ್ಳುತ್ತದೆ. ದನ ಮೇಯುವುದು ಅದನ್ನೇ. ಔಷಧ ತೂಕ ನೋಡಿ ವೈದ್ಯರೇ ಕೊಡಲಿ, ಗಿಡ್ಡ ತಳಿ ಸಣ್ಣದು.

ಪ್ರಶ್ನೆ ಕೇಳಿದವರು:
ಒಳಪೊರೆ ಬಿಳಿಚಿದೆ ಡಾಕ್ಟ್ರೇ. ನಾಳೆ ಬೆಳಗ್ಗೆಯೇ ಹೊಸ ಸೆಗಣಿ ಕೊಂಡುಹೋಗುತ್ತೇನೆ. ಇವತ್ತಿನಿಂದ ಗುಡ್ಡೆಯ ಮೇಲಿನಿಂದ ಹುಲ್ಲು ತರುತ್ತೇವೆ.