ನೆಟ್ ಇದೆ, ಪಿಂಗ್ ಹೋಗ್ತದೆ, ಆದ್ರೆ ಆಪ್ಟ್ ಏನೂ ಇಳಿಸ್ತಿಲ್ಲ: ಮೂರು ದಿನ ಆಯ್ತು

ಹೊಸನಗರ_ತೋಟ
ತಲೆ ಕೆಟ್ಟುಹೋಗಿದೆ, ಯಾರಾದ್ರೂ ದಾರಿ ತೋರಿಸಿ. ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿದೆ. ಡೆಸ್ಕ್‌ಟಾಪ್ ಯಾವುದೂ ಬೇಡ ಅಂತ ಟಿಕ್ ಎಲ್ಲ ತೆಗೆದು, ಆಮೇಲೆ ಪರದೆಗೆ ಎಕ್ಸಾರ್ಗ್, ಕಿಟಕಿಗಳನ್ನು ನಡೆಸೋಕೆ ಓಪನ್‌ಬಾಕ್ಸ್, ಬ್ರೌಸರಿಗೆ ಫೈರ್‌ಫಾಕ್ಸ್ ಮಾತ್ರ ಹಾಕಿಕೊಂಡೆ. ಶಿವಮೊಗ್ಗದಲ್ಲಿ ಅಕ್ಕನ ಮನೇಲಿ ಕೂತು ಮಾಡಿದ್ದು, ಅಲ್ಲಿ ಎಲ್ಲ ಸರಿ ಇತ್ತು. ಊರಿಗೆ ತಂದು ಟಾಸ್ಕ್‌ಬಾರಿಗೆ ಟಿಂಟ್2, ಫೈಲ್ ನೋಡೋಕೆ ಪಿಸಿಮ್ಯಾನ್‌ಎಫ್‌ಎಂ, ಕನ್ನಡ ಫಾಂಟು ಹಾಕೋಣ ಅಂದ್ರೆ, ಪ್ರೋಗ್ರಾಂ ಇಳಿಸೋ ಆಪ್ಟ್ ಅಪ್‌ಡೇಟ್ ಎರರ್ ಕೊಡ್ತದೆ. ಫೈರ್‌ಫಾಕ್ಸಲ್ಲಿ ಒಂದು ಪುಟವೂ ತೆರೆಯೋದಿಲ್ಲ. ಮೊಬೈಲ್‌ಗೆ ಯುಎಸ್‌ಬಿ ಕೇಬಲ್ ಹಾಕಿ ನೆಟ್ ತಗೊಂಡಿದ್ದೀನಿ, ಮೊಬೈಲಲ್ಲಿ ನೆಟ್ ಚೆನ್ನಾಗೇ ಇದೆ. ಅಡಿಕೆ ಕೊಳೆರೋಗದ ಔಷಧಿ ಹೊಡೆಯೋರ ಕೂಲಿ ಲೆಕ್ಕ ಪೂರ್ತಿ ಕನ್ನಡದಲ್ಲಿದೆ, ತೆರೆದರೆ ಬರೀ ಚೌಕ ಚೌಕ ಕಾಣ್ತದೆ. ಶನಿವಾರ ಬಟವಾಡೆ ಮಾಡಬೇಕು.

ತುಂಗಾತೀರ
ಇದು ಡಿಎನ್‌ಎಸ್, ಅಂದ್ರೆ ಸೈಟಿನ ಹೆಸರಿಗೆ ಅದರ ನಂಬರ್ ಹುಡುಕಿಕೊಡೋದು ಕೆಟ್ಟಿದೆ. ರಿಸಾಲ್ವ್ ಕಾನ್ಫ್ ಫೈಲಲ್ಲಿ 8.8.8.8 ಹಾಕಿ, ಹೋಗ್ತದೆ.

ಹೊಸನಗರ_ತೋಟ
ಹಾಕಿದೆ, ಏನೂ ಬದಲಾಗಲಿಲ್ಲ. ಸರ್ವರ್ ಹೆಸರು ಕೊಟ್ಟೇ ಪಿಂಗ್ ಮಾಡಿದೆ, ಉತ್ತರ ಬರ್ತದೆ.

ತುಂಗಾತೀರ
ಮೊಬೈಲ್ ನೆಟ್ ತನ್ನದೇ ಡಿಎನ್‌ಎಸ್ ವಾಪಸ್ ತುರುಕಿರ್ತದೆ. 1.1.1.1 ಹಾಕಿ, ಆ ಫೈಲ್ ಬದಲಾಗದ ಹಾಗೆ ಲಾಕ್ ಮಾಡಿ. ನಾನು ತೀರ್ಥಹಳ್ಳಿಯಲ್ಲಿ ಇದನ್ನೇ ನಾಲ್ಕು ಯಂತ್ರಕ್ಕೆ ಮಾಡಿದ್ದೀನಿ.

ಕೊಪ್ಪ_ಕಾಫಿ
ಹೆಸರಿಗೆ ಪಿಂಗ್ ಹೋಗ್ತಿದೆ ಅಂದ ಮೇಲೆ ಡಿಎನ್‌ಎಸ್ ಕೆಲಸ ಮಾಡ್ತಿದೆ ಅಂತಲೇ ಅರ್ಥ ಮಾರಾಯ್ರೆ, ಅದನ್ನು ಬಿಡಿ. ಅಷ್ಟಕ್ಕೂ ಓಪನ್‌ಬಾಕ್ಸ್ ಎಂತಕ್ಕೆ? ಟಾಸ್ಕ್‌ಬಾರಿಗೆ ಒಂದು, ವಾಲ್‌ಪೇಪರಿಗೆ ಒಂದು ಅಂತ ಹುಡುಕಿ ಜೋಡಿಸ್ತಾ ಕೂರಬೇಕು. ಐಸ್‌ಡಬ್ಲ್ಯುಎಂ ಹಾಕಿದ್ರೆ ಟಾಸ್ಕ್‌ಬಾರು, ಮೆನು, ಗಡಿಯಾರ ಅದರೊಳಗೇ ಬರ್ತದೆ. ನನ್ನ 2 ಜಿಬಿ ಯಂತ್ರ ಆನ್ ಆಗಿ ನಿಂತಾಗ 170 ಎಂಬಿ ತಗೊಳ್ತದೆ, ಅಷ್ಟೇ. ಎಂಟು ವರ್ಷದಿಂದ ಅದೇ ಕಾನ್ಫಿಗ್ ಫೈಲು, ಒಂದು ಸಾಲು ಮುಟ್ಟಿಲ್ಲ.

ತುಂಗಾತೀರ
170 ಎಂಬಿ ಬ್ರೌಸರ್ ತೆರೆಯೋವರೆಗೆ ಮಾತ್ರ. ನಾಲ್ಕು ಟ್ಯಾಬ್ ತೆಗೆದ ಮೇಲೆ ಐಸ್ ಆದರೇನು, ಓಪನ್ ಆದರೇನು? 2 ಜಿಬಿ ಯಂತ್ರಕ್ಕೆ ಜೀವ ಕೊಡೋದು ಮೆಮೊರಿಯನ್ನು ಹಿಂಡಿ ಜಾಗ ಮಾಡೋ ಝಡ್‌ರ್‍ಯಾಮ್ ಮತ್ತು ಎಸ್‌ಎಸ್‌ಡಿ.

ಮಲ್ಟಿಮೀಟರ್
ತೋಟದವರೇ, ಎರರ್ ಏನು ಅಂತ ನೀವಿನ್ನೂ ಬರೆದೇ ಇಲ್ಲ. ಅಕ್ಷರ ಬಿಡದೆ ಬರೆಯಿರಿ.

ಹೊಸನಗರ_ತೋಟ
ಕರೆಂಟು ಈಗ ಬಂತು. ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್, ಇನ್‌ವ್ಯಾಲಿಡ್ ಫಾರ್ ಅನದರ್’ ಅಂತ ಬಂದು, ಮುಂದೆ 6,400 ಚಿಲ್ಲರೆ ದಿನ ಅಂತಿದೆ.

ಮಲ್ಟಿಮೀಟರ್
6,400 ದಿನ ಅಂದ್ರೆ ಹದಿನೇಳೂವರೆ ವರ್ಷ. ನಿಮ್ಮ ಲ್ಯಾಪ್‌ಟಾಪ್ ಅಷ್ಟು ವರ್ಷ ಹಿಂದಿದೆ. ಟರ್ಮಿನಲ್ಲಲ್ಲಿ ಡೇಟ್ ಅಂತ ಹೊಡೆದು ಏನು ಬರ್ತದೆ ಹೇಳಿ.

ಹೊಸನಗರ_ತೋಟ
2008 ಜನವರಿ 1!

ತುಂಗಾತೀರ
ಹಾಗಾದ್ರೆ ಟೈಮ್‌ಡೇಟ್‌ಸಿಟಿಎಲ್ ಕೊಟ್ಟು ನೆಟ್‌ನಿಂದ ಸಮಯ ತರೋ ಎನ್‌ಟಿಪಿ ಆನ್ ಮಾಡಿ, ಮುಗೀತು.

ಹೊಸನಗರ_ತೋಟ
ಕಮಾಂಡ್ ನಾಟ್ ಫೌಂಡ್ ಅಂತದೆ. ಅಂದ ಹಾಗೆ ಇದು ಡೆವುವಾನ್ 5, ಅಕ್ಕನ ಮಗ ಪೆನ್‌ಡ್ರೈವ್ ಮಾಡಿಕೊಟ್ಟಿದ್ದ. ಎರಡೂ ಒಂದೇ ಅಂದಿದ್ದ, ಅದಕ್ಕೇ ಡೆಬಿಯನ್ ಅಂತ ಬರೆದೆ.

ಮಲ್ಟಿಮೀಟರ್
ಡೆವುವಾನ್ ಅಂದ್ರೆ ಸಿಸ್ಟಮ್‌ಡಿ ಇಲ್ಲದ ಡೆಬಿಯನ್, ಆ ಕಮಾಂಡ್ ಸಿಸ್ಟಮ್‌ಡಿ ಜೊತೆ ಬರೋದು, ಇಲ್ಲಿ ಸಿಗೋದಿಲ್ಲ. ಅದು ದೊಡ್ಡ ವಿಷಯ ಅಲ್ಲ. ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ಏನಾದ್ರೂ ಕೇಳ್ತದಾ? ಬ್ಯಾಟರಿ ಇದೆಯಾ?

ಹೊಸನಗರ_ತೋಟ
ಸಿಮಾಸ್ ಚೆಕ್‌ಸಮ್ ಅಂತ ಏನೋ ಬರ್ತದೆ, ಎಫ್-1 ಒತ್ತಿದ್ರೆ ಮುಂದೆ ಹೋಗ್ತದೆ. ಅದು ಎರಡು ವರ್ಷದಿಂದ ಇದ್ದಿದ್ದೇ. ಬ್ಯಾಟರಿ ಉಬ್ಬಿತ್ತು, ತೆಗೆದಿಟ್ಟಿದ್ದೀನಿ, ಸೀದಾ ಅಡಾಪ್ಟರಿಂದಲೇ ಓಡ್ತದೆ.

ಮಲ್ಟಿಮೀಟರ್
ಇದನ್ನು ಮೊದಲ ದಿನವೇ ಬರೆದಿದ್ದರೆ ಅವತ್ತೇ ಮುಗೀತಿತ್ತು. ಮದರ್‌ಬೋರ್ಡಿನ ಗಡಿಯಾರ ನಡೆಸೋ ಪುಟ್ಟ ಸೆಲ್ ಸತ್ತಿದೆ. ಶಿವಮೊಗ್ಗದಲ್ಲಿ ಇನ್‌ಸ್ಟಾಲರ್ ನೆಟ್‌ನಿಂದ ಸಮಯ ತಗೊಂಡು ಸರಿ ಮಾಡಿಕೊಂಡಿತ್ತು. ಪ್ಲಗ್ ತೆಗೆದು ಬಸ್ಸು ಹತ್ತಿದ್ರಿ, ಗಡಿಯಾರ ಶುರುವಿಗೆ ಹೋಯ್ತು. ನೀವು ಬೇಕಾದ್ದು ಮಾತ್ರ ಹಾಕಿಕೊಂಡಿದ್ದರಿಂದ ಸಮಯ ಸರಿ ಮಾಡೋ ಪ್ರೋಗ್ರಾಂ ಒಳಗಿಲ್ಲ. ಆಪ್ಟ್ ಸರ್ವರಿಂದ ತರೋ ರಿಲೀಸ್ ಫೈಲಿನ ಮೇಲಿರೋ ದಿನಾಂಕ ಯಂತ್ರದ ಲೆಕ್ಕಕ್ಕೆ ಇನ್ನೂ ಬಂದಿಲ್ಲ, ಹಾಗಾಗಿ ಆಪ್ಟ್ ಒಪ್ಪೋದಿಲ್ಲ. ವೆಬ್‌ಸೈಟುಗಳ ಸರ್ಟಿಫಿಕೇಟಿಗೂ ಶುರುವಿನ ದಿನ ಇರ್ತದೆ, ಫೈರ್‌ಫಾಕ್ಸ್ ನಿಂತಿದ್ದೂ ಅದಕ್ಕೇ.

ಈಗಿನ ಮಟ್ಟಿಗೆ ರೂಟ್ (ಅಡ್ಮಿನ್) ಆಗಿ ಡೇಟ್ ಮೈನಸ್ ಎಸ್ ಕೊಟ್ಟು ಇವತ್ತಿನ ತಾರೀಖು, ಗಂಟೆ ಕೂರಿಸಿ. ಕೂಡಲೇ ಆಪ್ಟ್ ನಡೀತದೆ. ಮೊದಲು ಕ್ರೋನಿ ಹಾಕಿ, ನೆಟ್ ಸಿಕ್ಕಾಗ ಅದು ಸಮಯ ಸರಿ ಮಾಡ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಟವರ್ರೇ ಮಲಗ್ತದಲ್ಲ, ಅದಕ್ಕೆ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಅನ್ನೋ ಪ್ಯಾಕೇಜೂ ಇರಲಿ. ಕೊನೇ ಸಮಯ ಡಿಸ್ಕಿನಲ್ಲಿ ಬರೆದಿಟ್ಟು ಮುಂದಿನ ಸಲ ಅಲ್ಲಿಂದ ಶುರು ಮಾಡ್ತದೆ. ಹಳೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡುಗಳಲ್ಲಿ ಗಡಿಯಾರವೇ ಇಲ್ಲದ ಕಾರಣ ಅಲ್ಲಿ ಇದನ್ನೇ ಬಳಸ್ತಿದ್ದದ್ದು.

ಇಷ್ಟಾದ್ರೂ ಸೆಲ್ ಬದಲಾಯಿಸಲೇಬೇಕು. ಸಿಆರ್ 2032, 3 ವೋಲ್ಟ್. ಲ್ಯಾಪ್‌ಟಾಪಲ್ಲಿ ಹೆಚ್ಚಾಗಿ ಎರಡು ವೈರು, ಪುಟ್ಟ ಪಿನ್ ಇರೋ ಥರದ್ದು ಬರ್ತದೆ. ವೈರ್ ಸಮೇತ ಇರೋದನ್ನೇ ತಗೊಳ್ಳಿ, ಸೆಲ್ ಮೇಲೆ ನೇರ ಬೆಸುಗೆ ಹಾಕೋಕೆ ಹೋಗಬೇಡಿ, ಬಿಸಿಗೆ ಸಿಡೀತದೆ.

ಕೊಪ್ಪ_ಕಾಫಿ
ಕನ್ನಡ ಫಾಂಟಿಗೆ ಫಾಂಟ್ಸ್-ಗುಬ್ಬಿ ಹಾಕಿ. ಟೈಪ್ ಮಾಡೋಕೆ ಐಬಸ್ ಬೇಡ, ಕೀಬೋರ್ಡ್ ವಿನ್ಯಾಸ ಬದಲಿಸೋ ಸೆಟ್‌ಎಕ್ಸ್‌ಕೆಬಿಮ್ಯಾಪಲ್ಲೇ ಕಗಪ ಇದೆ. ಓಪನ್‌ಬಾಕ್ಸಿನ ಆಟೋಸ್ಟಾರ್ಟ್ ಫೈಲಲ್ಲಿ ಒಂದು ಸಾಲು ಸಾಕು.

ತುಂಗಾತೀರ
ಅದು ಹಿಂದಿನ ಅಕ್ಷರ ನೋಡೋದಿಲ್ಲ. ಸ್ವರಕ್ಕೆ ಬೇರೆ ಕೀ, ಕಾಗುಣಿತಕ್ಕೆ ಬೇರೆ ಕೀ. ನುಡಿ ತಂತ್ರಾಂಶದಲ್ಲಿ ಕೈ ಕೂತೋರಿಗೆ ಐಬಸ್-ಎಂ17ಎನ್ನೇ ಸರಿ.

ಕೊಪ್ಪ_ಕಾಫಿ
ಎರಡು ದಿನ ಬಳಸಿದ್ರೆ ಕೈ ಕೂರ್ತದೆ.

ಹೊಸನಗರ_ತೋಟ
ಡೇಟ್ ಹಾಕಿದ ಮೇಲೆ ಆಪ್ಟ್ ನಡೀತು, ಶನಿವಾರದ ಬಟವಾಡೆಯೂ ಆಯ್ತು. ಸೋಮವಾರ ಶಿವಮೊಗ್ಗಕ್ಕೆ ಹೋದವನು ದುರ್ಗಿಗುಡಿಯಲ್ಲಿ ಸೆಲ್ ತಂದೆ. ಅಡಿಯ ಮುಚ್ಚಳ ಬಿಚ್ಚಿದ್ರೆ, ಹಳದಿ ಪ್ಲಾಸ್ಟಿಕ್ ಸುತ್ತಿದ ಸೆಲ್ಲಿನ ಕಪ್ಪು ವೈರಿನ ಬುಡದಲ್ಲಿ ಹಸಿರು ಕಿಲುಬು. ಮೀಟರ್ ಹಿಡಿದ್ರೆ ಅರ್ಧ ವೋಲ್ಟೂ ಇಲ್ಲ. ಹೊಸದು ಹಾಕಿದೆ. ನಿನ್ನೆ ಸಂಜೆ ಏಳಕ್ಕೆ ಹೋದ ಕರೆಂಟು ಬಂದಿದ್ದು ಇವತ್ತು ಬೆಳಿಗ್ಗೆ. ಆನ್ ಮಾಡಿದೆ, ಎಫ್-1 ಕೇಳಲಿಲ್ಲ, ಗಂಟೆ ಸರಿ ಇದೆ. ಮಲ್ಟಿಮೀಟರ್ ಅಣ್ಣ, ದೊಡ್ಡ ಉಪಕಾರ ಆಯ್ತು.

ಒಂದು ಉಳಿದಿದೆ. ರ್‍ಯಾಲಿ, ರ್‍ಯಾಕ್ ಅಂತ ಟೈಪ್ ಮಾಡಿದ್ರೆ ಅರ್ಕಾವತ್ತು ಬರ್ತದೆ. ಇದು ಫಾಂಟಿನ ತಪ್ಪಾ?

ತುಂಗಾತೀರ
ಫಾಂಟಿನದ್ದಲ್ಲ. ರ ಆದ ಮೇಲೆ ಝೀರೋ ವಿಡ್ತ್ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಅಕ್ಷರ, ಆಮೇಲೆ ಹಲಂತ, ಆಮೇಲೆ ಯ ಬರಬೇಕು. ಐಬಸ್ ಹಾಕಿದ್ರಾ, ಕೊಪ್ಪದವರು ಹೇಳಿದ್ದನ್ನು ಹಾಕಿದ್ರಾ?